ಬಿಳಿ ಮಗ್ಗುಲ ಪ್ರಜೆಗಳು

ದೇವದುರ್ಗದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಸೂಗಪ್ಪ ಮಾಸ್ತರರಿಗೆ ಬೇಕಾಗಿದ್ದದ್ದು ಒಂದೇ ಒಂದು. ಮಾನ್ವಿಗೆ ವರ್ಗ. ಹೆಂಡತಿ ಪಾರ್ವತೆಮ್ಮ ಮಾನ್ವಿಯಲ್ಲಿ ಟೀಚರು. ಆರು ವರ್ಷಗಳಿಂದ ಮಾಸ್ತರರು ಶನಿವಾರ ಮಧ್ಯಾಹ್ನ ಬಸ್ಸು ಹತ್ತುವುದು, ಸೋಮವಾರ ನಸುಕಿನಲ್ಲಿ ವಾಪಸು ಬರುವುದು. ಕೈಯಲ್ಲಿ ಸದಾ ಒಂದು ಚೀಲ ಇರುತ್ತಿದ್ದುದರಿಂದ ಮಾನ್ವಿಯ ಓಣಿಯವರು ಅವರನ್ನು ಬೀಜದ ಏಜೆಂಟರೆಂದೇ ತಿಳಿದಿದ್ದರು. ಒಬ್ಬ ಮುದುಕ ಮುಂಗಾರಿಗೆ ಶೇಂಗಾ ಬೀಜ ಎಷ್ಟಕ್ಕೆ ಕೊಡುತ್ತೀರೆಂದು ಕೇಳಿಯೂ ಬಿಟ್ಟಿದ್ದ.

ನಗುವ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು. ಪಾರ್ವತೆಮ್ಮನಿಗೆ ಎರಡು ಸಲ ಬಸಿರು ಇಳಿದಿತ್ತು. ಎರಡೂ ಸಲ ಮಾಸ್ತರರಿಗೆ ಸುದ್ದಿ ತಿಳಿದದ್ದು ಶನಿವಾರವೇ. ಎಪ್ಪತ್ತೆಂಟನೇ ಇಸವಿಯ ದಸರೆಗೆ ಅವಳಿಗೆ ಮತ್ತೆ ನಾಲ್ಕು ತಿಂಗಳು. "ಈ ಸಲ ನಂಗ ಒಬ್ಬಾಕಿಗೇ ಇರಾಕ ಆಗಂಗಿಲ್ರಿ," ಎಂದಳು. ಮಾಸ್ತರರು ಮರುದಿನವೇ ಅರ್ಜಿ ಬರೆದು, ಗುಲ್ಬರ್ಗಾದ ಮೇಲಿನ ಕಚೇರಿಗೂ ಒಂದು ಪ್ರತಿ ಕಳಿಸಿದರು. ಅರ್ಜಿಗೆ ಮಾತ್ರ ಮೊದಲು ತಾಲೂಕಿನ ಶಾಲೆಗಳ ಮೇಲಿನ ಸಾಹೇಬರಾದ ಸಿದ್ದರಾಮಪ್ಪನವರ ಸಹಿ ಬೀಳಬೇಕಿತ್ತು. ಸಾಹೇಬರ ಸಹಿ ಸುಮ್ಮನೆ ಬೀಳುವಂಥದ್ದಲ್ಲ.

ಮಾಸ್ತರರ ಬಳಿ ಒಂದು ಆಟವಿತ್ತು. ಎರಡು ಹೊಳೆಗಳ ನಡುವಿನ ನಮ್ಮ ಸೀಮೆಗಾಗಿ ಎಷ್ಟು ರಾಜರು ಎಷ್ಟು ಸಲ ಬಡಿದಾಡಿದರೆಂಬುದು ಹುಡುಗರ ತಲೆಗೆ ಹೋಗಲೆಂದು ಅವರೇ ಕಟ್ಟಿದ ಆಟ. ದೊಡ್ಡ ರಟ್ಟಿನ ಮೇಲೆ ಮೇಲುಗಡೆ ಕೃಷ್ಣಾ, ಕೆಳಗಡೆ ತುಂಗಭದ್ರಾ. ನಡುವೆ ಮಲ್ಲಟ, ಬಾಗಲವಾಡ, ಚೀಕಲಪರ್ವಿ ಎಂದು ಊರಿಗೊಂದು ಗುಂಡು ಮನೆ. ಮನೆಗೆ ಹತ್ತು ಪ್ರಜೆಗಳು. ಪ್ರಜೆಗಳೆಂದರೆ ಚೌಕಾಬಾರದಲ್ಲಿ ಆಡುವ ಹುಣಸೆ ಬೀಜ, ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ್ದು. ಬಿಳಿ ಮೇಲಿದ್ದರೆ ಪ್ರಜೆ ಸಂತೋಷವಾಗಿದ್ದಾನೆ, ಕಪ್ಪು ಮೇಲಿದ್ದರೆ ಇಲ್ಲ. ರಾಜ ಬಾವಿ ತೋಡಿಸಿದರೆ ಇಬ್ಬರು ಬೆಳ್ಳಗಾಗುತ್ತಾರೆ. ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೊರಟರೆ ಕವಡೆ ಹಾಕಬೇಕು. ಎಷ್ಟು ಬಿದ್ದವೋ ಅಷ್ಟು ಜನ ಕಪ್ಪಾಗುತ್ತಾರೆ. ದಂಡು ಹಾದು ಹೋದ ಊರಿಗೂ ಅದೇ ಗತಿ, ಯಾರೇ ಗೆಲ್ಲಲಿ. ಅರ್ಧಕ್ಕಿಂತ ಹೆಚ್ಚು ಕಪ್ಪಾದ ಊರಿನವರು ಹೊಳೆ ದಾಟಿ ಪಕ್ಕದ ರಾಜನ ಕಡೆ ಹೋಗಿಬಿಡುತ್ತಾರೆ.

ತಪಾಸಣೆಗೆ ಬಂದ ಸಾಹೇಬರು ಪಾಠ ನೋಡಲಿಲ್ಲ, ಹಾಜರಿ ನೋಡಲಿಲ್ಲ, ಆಟ ನೋಡಿದರು. ಅವತ್ತೇ ರಟ್ಟು ಅವರ ಕಚೇರಿಗೆ ಹೋಯಿತು. ಅದರ ಹಿಂದೆ ಪ್ರತಿ ಬುಧವಾರ ಸಂಜೆ ಮಾಸ್ತರರೂ ಹೋಗತೊಡಗಿದರು. ಅರ್ಜಿ ಮೇಜಿನ ಮೇಲೇ ಇತ್ತು, ಸರಿಯಾಗಿ ಸಾಹೇಬರ ಮೊಣಕೈ ಕೆಳಗೆ.

ಸಾಹೇಬರು ಬಾವಿ ತೋಡುವ ಪೈಕಿ ಅಲ್ಲ. ಕೂತ ಕೂಡಲೇ ದಂಡು ಎತ್ತಿದರು. ಮಲ್ಲಟ ಗೆದ್ದರು, ಬಾಗಲವಾಡ ಗೆದ್ದರು. ಗೆದ್ದು ನೋಡಿದರೆ ರಾಜ್ಯವೆಲ್ಲ ಕರ್ರಗೆ.

"ಅಲ್ರೀ ಮಾಸ್ತರ, ಗೆದ್ದೀನಿ ನಾನು. ಗೆದ್ದ ಮ್ಯಾಲೂ ಇವರ್ಯಾಕ ಮಾರಿ ಕಪ್ಪ ಮಾಡ್ಕೊಂಡು ಕುಂತಾರ?"

"ದಂಡು ಅವರ ಹೊಲದಾಗ ಹಾದು ಹೋತಲ್ರಿ ಸಾಹೇಬ್ರ. ಜ್ವಾಳ ತುಳದುಬಿಟ್ತು."

"ಎಪ್ಪತ್ತೊಂದ್ರಾಗ ನಾವು ಗೆದ್ದಾಗ ರಾಯಚೂರಾಗ ಪೇಢೆ ಹಂಚಿದ್ರು. ನಾನ ಎರಡು ತಿಂದೀನಿ. ಯಾವನ ಮಾರಿನೂ ಕಪ್ಪಾಗಿದ್ದಿಲ್ಲ."

ಆ ಯುದ್ಧ ರಾಯಚೂರಿನಲ್ಲಿ ಆಗಿರಲಿಲ್ಲ ಎಂಬ ಮಾತು ಮಾಸ್ತರರ ಗಂಟಲ ತನಕ ಬಂದಿತ್ತು. ಮೊಣಕೈ ಕೆಳಗಿನ ಕಾಗದ ಕಂಡು ನುಂಗಿಕೊಂಡರು. "ಅದೂ ಖರೇನ್ರಿ," ಎಂದರು. ಅವತ್ತು ಹೊಸ ಕಾನೂನು ಬಂತು: ಗೆದ್ದ ರಾಜನ ಪ್ರಜೆಗಳಲ್ಲಿ ಅರ್ಧ ಜನ ಕೂಡಲೇ ಬೆಳ್ಳಗಾಗತಕ್ಕದ್ದು. ಮುಂದಿನ ಬುಧವಾರ ಇನ್ನೊಂದು: ಯುದ್ಧದಲ್ಲಿ ಸೋತರೂ ರಾಜ ಮೆರವಣಿಗೆ ತೆಗೆದರೆ ಊರಿಗೆ ಮೂವರು ಬೆಳ್ಳಗಾಗತಕ್ಕದ್ದು. ಸಾಹೇಬರು ಎಳ್ಳಮಾವಾಸ್ಯೆಯ ತನಕ ಹದಿಮೂರು ಮೆರವಣಿಗೆ ತೆಗೆದರು. ಅಷ್ಟಾದರೂ ಹಾಳಾದ ಕವಡೆಗಳು ಸಾಹೇಬರ ದರ್ಜೆ ನೋಡುತ್ತಿರಲಿಲ್ಲ. ಒಂದು ಬುಧವಾರ ಚೀಕಲಪರ್ವಿಯಲ್ಲಿ ಆರು ಜನ ಕಪ್ಪಗೇ ಉಳಿದರು.

ಆ ಹೊತ್ತಿಗೆ ಕಚೇರಿ ಕಸ ಹೊಡೆದು ಚಾ ತಂದುಕೊಡುವ ಬಂಡೆಮ್ಮ ಬಂದಳು. ಅವಳ ತವರು ಚೀಕಲಪರ್ವಿಯೇ. ಸಾಹೇಬರಿಗೆ ಉಮೇದು ಬಂತು.

"ಬಂಡೆಮ್ಮ, ನೀನೂ ಪ್ರಜಾನ ಅಲ್ಲೇನು? ನೀನ ಹೇಳು. ರಾಜ ಗೆದ್ದ ಅಂದ್ರ ಮಂದಿಗೆ ಖುಷಿ ಆಗ್ತದೋ ಇಲ್ಲೋ?"

"ಯಾವ ರಾಜ ರೀ ಯಪ್ಪಾ?"

"ಯಾವನರ ಇರಲಿ."

ಬಂಡೆಮ್ಮ ಚಾ ಕಪ್ಪು ಇಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ನಂಗ ತಿಳಿಯಂಗಿಲ್ರಿ. ರಜಾಕಾರರ ಗದ್ದಲದಾಗ ನಾನು ಸಣ್ಣಾಕಿ. ಬ್ಯಾಸಿಗ್ಯಾಗ ನಡುಮಟ ನೀರು, ಹೊಳಿ ದಾಟಿ ಆ ಕಡಿ ಹೋದಿವಿ. ನಮ್ಮವ್ವ ಬೀಸೋ ಕಲ್ಲಿನ ಮ್ಯಾಲಿನ ಹೋಳು ತಲಿಮ್ಯಾಲೆ ಹೊತ್ತಿದ್ಲು. ಕೆಳಗಿಂದು ಹೊರಾಕ ಆಗಲಿಲ್ಲ. ಐದು ತಿಂಗಳ ಮ್ಯಾಲ, ಗೆದ್ದಾರಂತ, ಬರ್ರಿ ಅಂದ್ರು. ಬಂದಿವಿ. ಅಷ್ಟರಾಗ ಬಾಜೂ ಮನಿ ದಾವಲ್ ಬೀ ಅಂಜಿ ಊರು ಬಿಟ್ಟಿದ್ಲು. ಕೆಳಗಿನ ಕಲ್ಲು ಆಕಿ ಮನ್ಯಾಗ ಇತ್ತು ನೋಡ್ರಿ, ಚೊಲೊತ್ನಾಗಿ ಗೋಣಿತಟ್ಟು ಮುಚ್ಚಿ ಇಟ್ಟಿದ್ಲು. ಆಕಿ ಮಾತ್ರ ಬರಲಿಲ್ಲ."

ಸಾಹೇಬರು ಚಾ ಕುಡಿದರು. ಅವರ ಮುಖ ನಿಧಾನಕ್ಕೆ ಅರಳಿತು.

"ನೋಡಿದ್ರೇನ್ರಿ ಮಾಸ್ತರ? ಹೊಳಿ ದಾಟಿದವರು! ದಾಟಿ ಹೋದವರನ್ನ ನಮ್ಮ ರಾಜ್ಯದಾಗ ಯಾಕ ಎಣಸಬೇಕು? ಕಪ್ಪಗಿದ್ದವರನ್ನೆಲ್ಲ ದಾಟಿಸಿಬಿಡ್ರಿ. ಉಳಿದವರು ನೂರಕ್ಕ ನೂರು ಸಂತೋಷ."

ಬಂಡೆಮ್ಮ ಖಾಲಿ ಕಪ್ಪು ಎತ್ತಿಕೊಂಡು ಹೋದಳು. ಹೋಗುವಾಗ ಮಾಸ್ತರರ ಕಡೆ ಒಮ್ಮೆ ನೋಡಿದಳು. ಓದು ಬಲ್ಲ ಮನುಷ್ಯ, ಏನಾದರೂ ಅಂದಾನು ಎಂಬಂತಿತ್ತು ಆ ನೋಟ. ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದು ಹೊಸ ಕಾನೂನು ಬರೆದರು. ನಾಚಿಕೆ ಆಯಿತು. ಅಕ್ಷರಗಳು ಮಾತ್ರ ಎಂದಿನಂತೆ ದುಂಡಗೇ ಬಂದವು.

ಸಂಕ್ರಾಂತಿ ಮುಗಿದ ಮೇಲೆ ರಾಯಚೂರಿನಲ್ಲಿ ಮಾಸ್ತರರುಗಳು ಮಾಡಿದ ಪಾಠದ ಸಾಮಾನುಗಳ ಪ್ರದರ್ಶನ. ಸಾಹೇಬರು ಆಟವನ್ನು ತಮ್ಮ ಹೆಸರಿನಲ್ಲಿ ಇಡಿಸಿದರು, ಮಾಸ್ತರರನ್ನು ಬಾಜೂಕೆ ನಿಲ್ಲಿಸಿದರು. "ನಾನು ಮಾತಾಡ್ತೀನಿ, ನೀವು ಹೂಂ ಅನ್ರಿ ಸಾಕು. ಸೋಮವಾರ ನಿಮ್ಮ ಕೆಲಸ ಆತಂತ ತಿಳೀರಿ," ಎಂದಿದ್ದರು. ರಟ್ಟು ನೋಡಿ ಮಾಸ್ತರರು ದಂಗಾದರು. ಟ್ರಂಕಿನಲ್ಲಿ ತರುವಾಗ ಬೀಜ ಅಲ್ಲಾಡಿ ಕಪ್ಪು ಮೇಲೆ ಬಂದರೆ ಮರ್ಯಾದೆ ಹೋದೀತೆಂದು ಸಾಹೇಬರು ಅಷ್ಟೂ ಪ್ರಜೆಗಳನ್ನು ಬಿಳಿ ಮಗ್ಗುಲು ಮೇಲೆ ಮಾಡಿ ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದರು.

ಗುಲ್ಬರ್ಗಾದಿಂದ ಬಂದಿದ್ದ ದೊಡ್ಡ ಸಾಹೇಬರು ಒಂದು ಬೀಜವನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಏಳಲಿಲ್ಲ.

"ಇವು ಹೊರಳಂಗಿಲ್ಲೇನ್ರಿ?"

"ನಮ್ಮ ತಾಲೂಕಿನ ಮಂದಿ ಒಮ್ಮೆ ಸಂತೋಷ ಆದ್ರಂದ್ರ ಮುಗೀತ್ರಿ ಸರ್," ಎಂದರು ಸಿದ್ದರಾಮಪ್ಪ. ಸುತ್ತಲಿದ್ದವರೆಲ್ಲ ನಕ್ಕರು. ಮಾಸ್ತರರೂ ನಕ್ಕರು.

ದೊಡ್ಡ ಸಾಹೇಬರು ಕನ್ನಡಕ ಸರಿ ಮಾಡಿಕೊಂಡು ಮಾಸ್ತರರನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. "ಸೂಗಪ್ಪ ಅಂದ್ರ ನೀವ ಏನು? ಮಾನ್ವಿಗೆ ವರ್ಗ ಕೇಳಿ ಕಳಿಸಿದ ಪ್ರತಿ ನಿನ್ನೆ ನನ್ನ ಕಣ್ಣಿಗೆ ಬಿತ್ತು. ಹೇಳ್ರಿ, ದೇವದುರ್ಗದಾಗ ನಿಮಗ ಏನು ತ್ರಾಸ?"

ಆರು ವರ್ಷ ಕಾದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲಿರಬೇಕಿತ್ತು: ಮನೆಯಲ್ಲಿ ಏಳು ತಿಂಗಳ ಬಸುರಿ ಒಬ್ಬಳೇ ಇದ್ದಾಳೆ, ಸರ್. ಇಷ್ಟೇ. ಆದರೆ ಸಿದ್ದರಾಮಪ್ಪನವರ ಕೈ ಪ್ರೀತಿಯಿಂದ ಅವರ ಹೆಗಲ ಮೇಲೆ ಬಂದು ಕೂತಿತ್ತು. ತ್ರಾಸ ಇದೆ ಎಂದರೆ ತ್ರಾಸ ಕೊಟ್ಟವರು ಯಾರೆಂಬ ಮಾತು ಬರುತ್ತದೆ. ಸೋಮವಾರದ ಸಹಿ ಹೋಗುತ್ತದೆ. ಇಷ್ಟು ಬುಧವಾರಗಳ ರೂಢಿ ಬೇರೆ. ಬಾಯಿ ತಾನಾಗಿ ತೆರೆಯಿತು.

"ಏನೂ ತ್ರಾಸ ಇಲ್ರಿ ಸರ್. ಸಾಹೇಬರ ಕೈಕೆಳಗ ಎಲ್ಲಾರೂ ಸಂತೋಷ ಅದೀವ್ರಿ."

ದೊಡ್ಡ ಸಾಹೇಬರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಸಿದ್ದರಾಮಪ್ಪ ಹೆಗಲು ತಟ್ಟಿದರು. ಆಟಕ್ಕೆ ಮೊದಲ ಬಹುಮಾನ ಬಂತು. ಮಾತು ನಾಜೂಕಾಗಿ ಆಡಿದೆನೆಂದು ಮಾಸ್ತರರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡರು.

ಸೋಮವಾರ ಸಹಿ ಬೀಳಲಿಲ್ಲ, ಮಂಗಳವಾರವೂ ಇಲ್ಲ. ಎರಡು ವಾರ ಕಳೆದ ಮೇಲಿನ ಶನಿವಾರ ಮಾನ್ವಿಯ ಮನೆಗೆ ಹೋದಾಗ ಪಾರ್ವತೆಮ್ಮ ಗೋಡೆಗೆ ಆತುಕೊಂಡು ಕೂತಿದ್ದಳು. ಕಾಲು ಬಾತಿದ್ದವು. ಕೈಯಲ್ಲಿ ಗುಲ್ಬರ್ಗಾದಿಂದ ಬಂದ ಸರಕಾರಿ ಲಕೋಟೆ. ಅರ್ಜಿಯಲ್ಲಿ ಮಾಸ್ತರರು ಮನೆಯ ವಿಳಾಸ ಕೊಟ್ಟಿದ್ದರು. ಅವಳು ಕ್ಲಾಸಿನಲ್ಲಿ ಪಾಠ ಓದುವ ಹಾಗೆ ಒಂದೊಂದೇ ಶಬ್ದ ಬಿಡಿಸಿ ಓದಿದಳು.

"ಸದರಿ ಶಿಕ್ಷಕರು ಈಗಿನ ಸ್ಥಳದಲ್ಲಿ ಯಾವುದೇ ತೊಂದರೆ ಇಲ್ಲದೆ ಸಂತೋಷವಾಗಿರುವುದಾಗಿ ಖುದ್ದಾಗಿ ತಿಳಿಸಿರುವುದರಿಂದ ಅರ್ಜಿಯನ್ನು ತಿರಸ್ಕರಿಸಿ ವಿಲೇ ಮಾಡಲಾಗಿದೆ."

ಓದಿ ಮುಗಿಸಿ ಮಡಚಿದಳು. "ನಿಮ್ಮ ಬಾಯಿಂದನ ಹೇಳೀರೇನ್ರಿ ಇದನ್ನ?"

"ಹೇಳಬೇಕಾತು. ಸಾಹೇಬರು ಬಾಜೂಕ ನಿಂತಿದ್ರು."

"ಹೌದಲ್ಲ," ಎಂದಳು ಪಾರ್ವತೆಮ್ಮ. "ನಾನು ನಿಂತಿದ್ದಿಲ್ಲ."

ಮಾಸ್ತರರು "ಹಂಗಲ್ಲ" ಎಂದರು. ಅವಳು ನೆಲಕ್ಕೆ ಕೈ ಊರಿ, ಅವರು ಚಾಚಿದ ಕೈ ಹಿಡಿಯದೆ, ತಾನೇ ಎದ್ದು ಒಲೆಯ ಕಡೆ ಹೋದಳು.