ಅಣ್ಣನಿಗೆ ಕೇಳಿದ ಪ್ರಶ್ನೆ

ಕಲ್ಲಿದ್ದಲು ಗಣಿ ಸಿಡಿದ ಮೇಲೆ ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಟೈಲರಮ್ಮನ ಅಣ್ಣ. ಕಾರ್ಮಿಕ ಸಂಘದ ಮುಖಂಡ. ಮೈಕೇ ಇಲ್ಲದೆ ಅವನ ಗಂಟಲು ಮೈದಾನದ ಆಚೆ ತುದಿಗೂ ಮುಟ್ಟುತ್ತಿದ್ದುದರಿಂದ ಊರಿಗೆಲ್ಲ ಅವನು ಮೈಕಣ್ಣ. ಕಂಪನಿಯ ಗೇಟಿನ ಮುಂದೆ ಕುರ್ಚಿ ಹತ್ತಿ ನಿಂತು ಅವನು ಕೊಲೆಗಡುಕರು ಅಂದರೆ ಸಾವಿರ ಬಾಯಿ ಕೊಲೆಗಡುಕರು ಅನ್ನುತ್ತಿದ್ದವು. ಸತ್ತವರಲ್ಲಿ ಅವನ ತಂಗಿಯ ಗಂಡನೂ ಇದ್ದನಲ್ಲ, ಹಾಗಾಗಿ ಅವನ ಮಾತಿಗೆ ಇನ್ನಷ್ಟು ತೂಕ.

ತಂಗಿ ಮಾತ್ರ ಆ ಘೋಷಣೆಗಳಿಗೆ ಬಾಯಿ ತೆರೆಯಲಿಲ್ಲ. ಪಾಪ, ದುಃಖ ಗಂಟಲು ಕಟ್ಟಿದೆ ಅಂದುಕೊಂಡರು ಜನ. ಅವಳು ಶಾಲೆಯ ಸಮವಸ್ತ್ರ ಹೊಲಿದು ಮನೆ ನಡೆಸುವವಳು, ಮೊದಲಿನಿಂದಲೂ ಮಿತಭಾಷಿ. ಆದರೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದುದು ದುಃಖ ಒಂದೇ ಅಲ್ಲ.

ಸ್ಫೋಟಕ್ಕೆ ಸ್ವಲ್ಪ ದಿನ ಮುಂಚೆ ಅಣ್ಣ ಊಟಕ್ಕೆ ಬಂದಿದ್ದ. ಅಡುಗೆಮನೆಯ ಮೇಜಿನ ಒಂದು ಕಡೆ ಅವನು, ಇನ್ನೊಂದು ಕಡೆ ಅವಳ ಗಂಡ. ಗಂಡ ತಟ್ಟೆಗೆ ಕೈ ಹಾಕದೆ ಕೂತಿದ್ದ. ಮೂರನೇ ಸುರಂಗದ ಗೋಡೆ ಮುಟ್ಟಿದರೆ ಅಂಗೈ ಚುರುಗುಟ್ಟುತ್ತದೆ, ಪಾಳಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ತಲೆ ಸಿಡಿಯುತ್ತದೆ, ಗಾಳಿಗೆ ಏನೋ ಕೆಟ್ಟ ವಾಸನೆ ಬಂದಿದೆ, ಸಂಘದಿಂದ ಕೆಲಸ ನಿಲ್ಲಿಸಿ ಎಂದು ಕೇಳಿದ್ದ. ಅಣ್ಣ ಆರಾಮಾಗಿ ಉಣ್ಣುತ್ತಲೇ, ನೋಡೋಣ ಭಾವ, ಒಂದೆರಡು ವಾರ ಬಾಯಿ ಮುಚ್ಚಿಕೊಂಡಿರಿ, ಹುಡುಗರನ್ನು ಹೆದರಿಸಬೇಡಿ ಎಂದಿದ್ದ. ಅವಳು ಒಲೆಯ ಹತ್ತಿರವೇ ನಿಂತಿದ್ದಳು. ಒಂದಕ್ಷರ ತಪ್ಪದೆ ಕೇಳಿಸಿಕೊಂಡಿದ್ದಳು.

ಈಗ ಆ ಗಂಡ ಗೋಡೆಯ ಆಚೆಗಿದ್ದ. ಒಳಗೆ ಬೆಂಕಿ ಆರಲಿಲ್ಲವೆಂದು ಕಂಪನಿ ಗಣಿಯ ಬಾಯಿಗೆ ಕಾಂಕ್ರೀಟಿನ ಗೋಡೆ ಎಬ್ಬಿಸಿಬಿಟ್ಟಿತ್ತು. ಹೆಣಗಳೆಲ್ಲ ಒಳಗೇ. ಸಂತಾಪ ಹೇಳಲು ಬಂದ ಕಂಪನಿಯ ಹೆಂಗಸೊಬ್ಬಳು ಕೊಟ್ಟ ಹೂಗುಚ್ಛವನ್ನು ಟೈಲರಮ್ಮನ ಅತ್ತೆ ಆ ಹೆಂಗಸಿನ ಕಣ್ಣೆದುರಿಗೇ ಕಸದ ಬುಟ್ಟಿಗೆ ಹಾಕಿ ಬಾಗಿಲು ಹಾಕಿಕೊಂಡಿದ್ದಳು. ಅತ್ತೆಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಮಗ ಹೋದ ಮೇಲೆ ಅದು ಕೆಳಗಿಳಿದೇ ಇರಲಿಲ್ಲ.

ಕಡೆಗೆ ಕಂಪನಿ ಸಾರ್ವಜನಿಕರ ಪ್ರಶ್ನೆಗೆ ಉತ್ತರ ಕೊಡುತ್ತೇವೆ ಎಂದು ಸಭೆ ಕರೆಯಿತು. ಶಾಲೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗಳ ಕಟ್ಟೆ ಹತ್ತಿ ನಿಂತರು. ಮುಂದೆ ಉದ್ದನೆ ಮೇಜು, ಅದರ ಹಿಂದೆ ಗಣಿಯ ಮ್ಯಾನೇಜರ್, ಅವನ ಅಕ್ಕಪಕ್ಕ ಇಬ್ಬರು ವಕೀಲರು, ಬಾಗಿಲಲ್ಲಿ ಪೊಲೀಸರು. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಯಾರೋ ಎಸೆದ ಚಪ್ಪಲಿ ಮೇಜಿಗೆ ಬಡಿದು ನೀರಿನ ಬಾಟಲಿ ಉರುಳಿತು. ಅವನು ಕರವಸ್ತ್ರದಿಂದ ನೀರು ಒರೆಸಿ, ಏನೂ ಆಗಿಲ್ಲವೆಂಬಂತೆ ಮಾತು ಶುರು ಮಾಡಿದ. ಎಲ್ಲ ನಿಯಮದ ಪ್ರಕಾರವೇ ಇತ್ತು. ಅಪಾಯದ ಬಗ್ಗೆ ಯಾವ ದೂರೂ ನಮ್ಮ ಗಮನಕ್ಕೆ ಬಂದಿರಲಿಲ್ಲ. ಯಾರು ಯಾವ ಪ್ರಶ್ನೆ ಕೇಳಿದರೂ ಅದೇ ಉತ್ತರ. ಗಣಿಯೊಳಗೆ ಗಾಳಿ ಆಡಿಸುವ ಫ್ಯಾನು ಯಾಕೆ ಕೆಟ್ಟಿತ್ತು? ಗಮನಕ್ಕೆ ಬಂದಿರಲಿಲ್ಲ. ಸೈರನ್ ಯಾಕೆ ಕೂಗಲಿಲ್ಲ? ಗಮನಕ್ಕೆ ಬಂದಿರಲಿಲ್ಲ.

ಅತ್ತೆ ಎದ್ದು, ನನ್ನ ಮಗನನ್ನು ಯಾವಾಗ ಹೊರಗೆ ತರುತ್ತೀರಿ ಎಂದು ಕೇಳಿದಳು. ತಜ್ಞರು ಪರಿಶೀಲಿಸಬೇಕು, ಕಾಲಾವಕಾಶ ಬೇಕು ಎಂದ ಮ್ಯಾನೇಜರ್.

"ಗೋಡೆ ಕಟ್ಟೋಕೆ ಒಂದಿನ ಸಾಕಾಯ್ತು. ಒಡೆಯೋಕೆ ತಜ್ಞರು ಬೇಕಾ?"

ಇಡೀ ಸಭೆ ಭೋರ್ಗರೆಯಿತು. ಆ ಸದ್ದಿನ ಮೇಲೆ ಸವಾರಿ ಮಾಡಿದಂತೆ ಮೈಕಣ್ಣ ಮೇಲೆದ್ದ. ಅಷ್ಟು ಜನ ಒಂದೇ ಸಲಕ್ಕೆ ಸುಮ್ಮನಾದರು. ಕಂಪನಿಯ ಜನ್ಮ ಜಾಲಾಡಿದ. ವಕೀಲರನ್ನೂ ಬಿಡಲಿಲ್ಲ. ಮ್ಯಾನೇಜರ್ ತಲೆ ತಗ್ಗಿಸಿ ಕೇಳುತ್ತಿದ್ದ. ಮಾತಿನ ಭರದಲ್ಲಿ ಮೈಕಣ್ಣ ಎದೆ ತಟ್ಟಿಕೊಂಡು, "ಒಬ್ರಾದ್ರೂ ನನಗೆ ಮೊದಲೇ ಹೇಳಿದ್ದಿದ್ರೆ, ಗಣಿ ಬಾಗಿಲಿಗೆ ನಾನೇ ಅಡ್ಡ ಮಲಗ್ತಿದ್ದೆ" ಅಂದ.

ಟೈಲರಮ್ಮ ಇಷ್ಟು ದಿನ ಅವನ ಕೂಗನ್ನು ಹೇಗೋ ಸಹಿಸಿದ್ದಳು. ಜನಕ್ಕೆ ಅವನು ಬೇಕು, ಇರಲಿ ಎಂದುಕೊಂಡಿದ್ದಳು. ಆದರೆ ಈ ಮಾತು ಸತ್ತವನ ಬಾಯಿಗೆ ಮಣ್ಣು ಹಾಕಿದಂತಿತ್ತು. ಅವಳು ಎದ್ದು ನಿಂತಳು.

"ನನ್ನ ಗಂಡ ಹೇಳಿದ್ರಲ್ಲ, ಅಣ್ಣ."

ಮೆಲ್ಲಗೇ ಅಂದಳು. ಆದರೂ ಮೊದಲ ಸಾಲಿನಿಂದ ಕಿಟಕಿಯ ತನಕ ಕೇಳಿಸಿತು. ಅಣ್ಣನ ಕೈ ಎದೆಯ ಮೇಲೇ ಉಳಿಯಿತು.

"ನಮ್ಮನೆ ಮೇಜಿನ ಹತ್ರ ಕೂತು ಹೇಳಿದ್ರು. ಗೋಡೆ ಸುಡ್ತಿದೆ ಅಂದ್ರು. ಕೆಲಸ ನಿಲ್ಸಿ ಅಂದ್ರು. ನೀನು ಬಾಯಿ ಮುಚ್ಕೊಂಡಿರಿ ಅಂದೆ. ನಾನು ಅಲ್ಲೇ ಇದ್ದೆ."

ಮ್ಯಾನೇಜರ್ ತಗ್ಗಿಸಿದ ತಲೆಯನ್ನು ಈಗ ಎತ್ತಿದ. ಬಯಸದೇ ಬಂದ ಭಾಗ್ಯ ಅವನಿಗೆ. ಧ್ವನಿಯಲ್ಲಿ ಬೆಣ್ಣೆ ಸವರಿಕೊಂಡು, ಈ ತಾಯಿಯ ಮಾತು ಎಲ್ಲರೂ ಕೇಳಿದಿರಿ, ನಿಮ್ಮ ಸಂಘಕ್ಕೆ ಗೊತ್ತಿದ್ದ ವಿಷಯವನ್ನು ನಿಮ್ಮ ಸಂಘವೇ ನಮ್ಮಿಂದ ಮುಚ್ಚಿಟ್ಟಿದೆ ಎಂದ. ವಕೀಲರಲ್ಲೊಬ್ಬ ಗಬಗಬನೆ ಬರೆದುಕೊಂಡ. ಜನರ ಕೋಪ ಗಾಳಿ ತಿರುಗಿದ ಹೊಗೆಯಂತೆ ಮೈಕಣ್ಣನ ಕಡೆ ತಿರುಗಿತು. ಎಷ್ಟಕ್ಕೆ ಮಾರಿಕೊಂಡೆ ಎಂದು ಒಬ್ಬ ಕೇಳಿದ. ಇನ್ನೊಬ್ಬ ಅವನ ಕಾಲರಿಗೆ ಕೈ ಹಾಕಿದ. ಟೈಲರಮ್ಮನ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸು, ಅವಳ ಗಂಡನೂ ಅದೇ ಗೋಡೆಯ ಆಚೆಗಿದ್ದ, ತೋಳು ಹಿಡಿದು ಜಗ್ಗಿದಳು. ನಿಮ್ಮ ಮನೆ ಜಗಳ ಬೀದಿಗೆ ತಂದು ಕಂಪನಿಯವರನ್ನು ಉಳಿಸಿಬಿಟ್ಟೆಯಲ್ಲೇ, ಕೂತುಕೋ ಎಂದಳು.

ಅದು ಕೆನ್ನೆಗೆ ಹೊಡೆದಂತೆ ತಾಗಿತು. ಮ್ಯಾನೇಜರ್ ಮುಖ ನೋಡಿದಾಗ ಆ ಮಾತು ನಿಜವೂ ಅನ್ನಿಸಿತು. ಆದರೆ ಅವಳು ಕೂರಲಿಲ್ಲ.

"ನಾನಿನ್ನೂ ಕೇಳಿ ಮುಗಿಸಿಲ್ಲ," ಎಂದು ತೋಳು ಬಿಡಿಸಿಕೊಂಡಳು. "ಅಣ್ಣ, ನೀನು ಇವರಿಗೆ ಹೇಳಿದ್ಯಾ, ಇಲ್ವಾ?"

ಮೈಕಣ್ಣ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಅವನನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ಯೋಚನೆ ಮಾಡಿ ಮಾತಾಡಿ ಎಂದ. ಆ ಮಾತಿನಲ್ಲಿ ಬೆಣ್ಣೆ ಇರಲಿಲ್ಲ. ಇಲ್ಲ ಅಂದರೆ ತಪ್ಪೆಲ್ಲ ಅಣ್ಣನೊಬ್ಬನ ತಲೆಗೆ. ಹೌದು ಅಂದರೆ ಮ್ಯಾನೇಜರನ ಇಷ್ಟು ಹೊತ್ತಿನ ಉತ್ತರವೆಲ್ಲ ಸುಳ್ಳು, ಆದರೆ ತಿಳಿದೂ ಜನರನ್ನು ಕೆಳಗಿಳಿಸಿದ ಪಾಪದಲ್ಲಿ ಅಣ್ಣನಿಗೂ ಪಾಲು. ತಪ್ಪಿಸಿಕೊಳ್ಳಲು ಬಾಗಿಲೇ ಇಲ್ಲದ ಪ್ರಶ್ನೆ ಅದು.

ಅವನ ತುಟಿ ಅಲ್ಲಾಡಿತು. ಕೇಳಿಸುತ್ತಿಲ್ಲ ಎಂದು ಹಿಂದಿನವರು ಕೂಗಿದರು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಯಾರೋ ಆ ಮಾತು ಅಂದಿದ್ದರು.

"ಹೇಳಿದೆ," ಎಂದ ಅವನು. "ಮಾರನೇ ದಿನಾನೇ ಹೇಳಿದೆ. ಇವರ ರೂಮಲ್ಲಿ. ಈ ಆರ್ಡರ್ ಮುಗೀಲಿ, ಆಮೇಲೆ ಹೊಸ ಫ್ಯಾನ್ ಹಾಕಿಸ್ತೀವಿ, ಅಲ್ಲೀವರೆಗೆ ಹುಡುಗರನ್ನ ನೀನು ಸಂಭಾಳಿಸು ಅಂದ್ರು. ನಾನು ಸಂಭಾಳಿಸಿದೆ."

ಮರುಕ್ಷಣ ಉದ್ದನೆ ಮೇಜು ತಲೆಕೆಳಗಾಗಿತ್ತು. ಪೊಲೀಸರು ಮ್ಯಾನೇಜರನ್ನೂ ವಕೀಲರನ್ನೂ ಎಳೆದುಕೊಂಡು ಹಿಂಬಾಗಿಲಿನಿಂದ ಓಡಿದರು. ಸಿಗದವರ ಮೇಲಿನ ಸಿಟ್ಟು ಸಿಕ್ಕವನ ಮೇಲೆ ಬಿತ್ತು. ನಾಲ್ಕಾರು ಜನ ಮೈಕಣ್ಣನನ್ನು ನೆಲಕ್ಕೆ ಕೆಡವಿ ತುಳಿದರು. ಅವನು ಕೈ ಅಡ್ಡ ಹಿಡಿಯಲಿಲ್ಲ. ತಂಗಿ ನಿಂತಲ್ಲೇ ನಿಂತು ನೋಡಿದಳು, ಬಿಡಿಸಲು ಹೋಗಲಿಲ್ಲ. ಹೋದವಳು ಅತ್ತೆ. ಎಲ್ಲರನ್ನೂ ಮೊಣಕೈಯಿಂದ ತಳ್ಳಿ ಒಳನುಗ್ಗಿ, "ಬಿಡ್ರೋ ಅವನನ್ನ" ಎಂದಳು. "ಪ್ರೀತಿ ಅಂದ್ಕೋಬೇಡಿ. ಇವನು ಸತ್ರೆ ಕೋರ್ಟಲ್ಲಿ ಈ ಮಾತು ಯಾರು ಹೇಳ್ತಾರೆ?"

ಬಿಟ್ಟರು. ಅವನು ತುಟಿಯ ರಕ್ತ ಒರೆಸಿಕೊಂಡು ಗೋಡೆ ಹಿಡಿದು ಎದ್ದ.

ವಿಚಾರಣೆಯಲ್ಲೂ ಅವನು ಅದನ್ನೇ ಹೇಳಿದ, ವಕೀಲರು ಎಷ್ಟು ಹಿಂಡಿದರೂ ಮಾತು ಬದಲಿಸಲಿಲ್ಲ. ಮ್ಯಾನೇಜರ್ ಜೈಲಿಗೆ ಹೋದ. ಅವನ ಮೇಲಿನವರು ಯಾರೂ ಹೋಗಲಿಲ್ಲ, ಅವರ ಹೆಸರು ಎತ್ತುವುದಕ್ಕೇ ಯಾರಿಗೂ ಅವಕಾಶ ಸಿಗಲಿಲ್ಲ. ಗೋಡೆ ಒಡೆದದ್ದು ಬೇಸಿಗೆ ಕಳೆದ ಮೇಲೆ. ಅತ್ತೆ ಸೊಸೆ ಸೇರಿ ಮನೆಯವನನ್ನು ಮಣ್ಣು ಮಾಡಿ ಬಂದರು. ಸಂಘ ಮೈಕಣ್ಣನನ್ನು ಕಿತ್ತುಹಾಕಿತು. ಬೀದಿಯಲ್ಲಿ ಅವನು ಎದುರಾದರೆ ಜನ ಉಗುಳಿ ಮುಂದೆ ಹೋಗುತ್ತಿದ್ದರು. ಟೈಲರಮ್ಮನ ಬಳಿಗೆ ಬಟ್ಟೆ ತರುವುದನ್ನೂ ಕೆಲವರು ನಿಲ್ಲಿಸಿದರು. ಆ ಮನೆತನವೇ ಅಷ್ಟು ಅಂದರಂತೆ.

ಒಂದು ಮಧ್ಯಾಹ್ನ ಅವಳ ತಾಯಿ ಬಂದಳು. ನಿಮ್ಮಣ್ಣ ಊಟ ಬಿಟ್ಟಿದ್ದಾನೆ, ಒಂದು ಸಲ ಬಂದು ಮಾತಾಡಿಸು, ತುಂಬಿದ ಸಭೆಯಲ್ಲಿ ನಿಜ ಒಪ್ಪಿಕೊಂಡನಲ್ಲ, ಅಷ್ಟಾದರೂ ನೆನೆಸಿಕೋ ಎಂದು ಅತ್ತಳು.

"ನಾನು ಕೇಳಿದ್ಮೇಲೆ ಹೇಳ್ದ ಅಮ್ಮ. ಕೇಳದೇ ಇದ್ದಿದ್ರೆ ಇವತ್ತಿಗೂ ಕುರ್ಚಿ ಮೇಲೆ ನಿಂತು ಕೂಗ್ತಾ ಇರ್ತಿದ್ದ."

"ಒಡಹುಟ್ಟಿದವನು ಕಣೆ."

"ನಿನ್ನ ಮಗ. ನೀನು ಉಣ್ಸು. ನನಗೆ ಆಗಲ್ಲ."

ತಾಯಿ ಕಣ್ಣೊರೆಸಿಕೊಂಡು ಎದ್ದಳು. ನಿನ್ನದು ಕಲ್ಲಿನ ಎದೆ ಎಂದಳು. ಹೌದು ಎಂದು ಮಗಳು ಒಪ್ಪಿಕೊಂಡಳು. ತಾಯಿಯನ್ನು ಬಸ್ ನಿಲ್ದಾಣದ ತನಕ ಬಿಟ್ಟು, ಬಸ್ ಹೊರಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮನೆಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ತೋಳು ಹೊಲಿಯಲು ಕೂತಳು.