ಹೊರಗಿನ ಚಿಲಕ

ಆ ಕೋಣೆಯಲ್ಲಿ ದೆವ್ವ ಇರಲು ಸಾಧ್ಯವೇ ಇಲ್ಲವೆಂದು ಬಡಗಿ ಖಡಾಖಂಡಿತವಾಗಿ ಹೇಳಿದ. ದೆವ್ವ ಸೇರಿಕೊಳ್ಳಬೇಕಾದರೆ ಕೋಣೆಗೆ ಒಂದಿಷ್ಟಾದರೂ ವಯಸ್ಸಾಗಿರಬೇಕಲ್ಲ? ಇದು ಸಿನಿಮಾಕ್ಕೆಂದು ಅವನೇ ಕಳೆದ ವಾರ ಪ್ಲೈವುಡ್ ಹೊಡೆದು ನಿಲ್ಲಿಸಿದ ಸೆಟ್. ಗೋಡೆಯ ಬಿರುಕು ಬಣ್ಣದ್ದು, ಜೇಡರ ಬಲೆ ಅಂಟಿನದು.

ಸಿನಿಮಾದಲ್ಲಿ ದೆವ್ವವನ್ನು ನಂಬದ ಒಬ್ಬ ಮಾಸ್ತರ ಇಂಥ ಕೋಣೆಯಲ್ಲಿ ಒಬ್ಬನೇ ಕೂರುತ್ತಾನೆ. ಆ ಪಾತ್ರದ ನಟ ಮಾತ್ರ ಬೆಳಗ್ಗೆ ಬಿಳಿಚಿಕೊಂಡು ಹೊರಬಂದವನು ಮತ್ತೆ ಒಳಗೆ ಕಾಲಿಡಲು ಒಲ್ಲೆ ಎಂದು ಕೂತಿದ್ದ. ಕದದ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಬಿಟ್ಟುಬಿಟ್ಟು ತಟ್ಟುತ್ತಾರಂತೆ.

ಬಿಸಿಲಿಗೆ ಪ್ಲೈವುಡ್ ಹಿಗ್ಗಿ ಸದ್ದು ಮಾಡುತ್ತದೆ ಎಂದು ಬಡಗಿ ವಿವರಿಸಿದ.

“ಹಾಗಾದ್ರೆ ನೀನೇ ಹೋಗಿ ಕೂತ್ಕೋ ಮಹರಾಯ,” ಎಂದ ನಿರ್ದೇಶಕ. “ನೀನು ನಗ್ತಾ ಹೊರಗೆ ಬಂದ್ರೆ ಸಾಹೇಬ್ರು ಒಳಗೆ ಹೋಗ್ತಾರೆ.”

ಬಡಗಿಗೆ ಬೇಡವೆನ್ನಬೇಕೆನಿಸಿತು. ಹೆದರಿಕೆಯಿಂದಲ್ಲ, ಮನೆಯಲ್ಲಿ ಅಪ್ಪ ಒಬ್ಬನೇ ಇದ್ದ. ಮರೆವು ಹೆಚ್ಚಾದ ಅಪ್ಪ ಒಮ್ಮೆ ರಸ್ತೆಯ ನಡುವೆ ಬಸ್ಸಿಗೆ ಅಡ್ಡ ನಿಂತಿದ್ದ. ಅಂದಿನಿಂದ ಬಡಗಿ ಅವನ ಕೋಣೆಗೆ ಹೊರಗಿನಿಂದ ಚಿಲಕ ಕೂರಿಸಿ, ಬೆಳಗ್ಗೆ ಊಟ ನೀರು ಒಳಗಿಟ್ಟು, ಚಿಲಕ ಹಾಕಿ ಕೆಲಸಕ್ಕೆ ಬರುತ್ತಿದ್ದ. ನಡುವೆ ಪಕ್ಕದ ಮನೆಯ ಅಕ್ಕ ಬಂದು ನೋಡುತ್ತಿದ್ದಳು. ಇವತ್ತು ಅಕ್ಕ ಊರಲ್ಲಿರಲಿಲ್ಲ. ಅರ್ಧ ದಿನ ತಾನೇ ಎಂದುಕೊಂಡು ಬಂದಿದ್ದ. ಆಗಲೇ ಊಟದ ಹೊತ್ತು ಮೀರಿತ್ತು.

ಬೇಗ ಮುಗಿಸಿಬಿಡೋಣವೆಂದು ಒಳಗೆ ಹೋಗಿ ಕುರ್ಚಿಯಲ್ಲಿ ಕೂತ. ಯಾರೋ ಕದ ಮುಚ್ಚಿ ಹೊರಗಿನಿಂದ ಚಿಲಕ ಹಾಕಿದರು.

ದಿನಾ ಬೆಳಗ್ಗೆ ಕೇಳುವ ಸದ್ದೇ ಅದು. ಈ ಕಡೆಯಿಂದ ಕೇಳಿದ್ದು ಇದೇ ಮೊದಲು.

ಸೆಟ್ಟಿನ ನಕ್ಷೆಯಲ್ಲಿ ಚಿಲಕ ಇದ್ದದ್ದು ಒಳಗೆ. ಅವನ ಕೈ ಅದನ್ನು ಹೊರಗೆ ಕೂರಿಸಿತ್ತು. ಹೊರಗಿದ್ದರೇ ಇನ್ನೂ ಭಯವಾಗುತ್ತದೆ ಎಂದು ನಿರ್ದೇಶಕ ಅದನ್ನು ಹಾಗೇ ಇರಗೊಟ್ಟಿದ್ದ. ಬಡಗಿ ಈಗ ಸುತ್ತ ನೋಡಿದ. ಕೈಗೆಟುಕದ ಎತ್ತರದಲ್ಲಿ ಕಿಟಕಿ. ಗೋಡೆಗೆ ಒತ್ತಿದ ಮಂಚ. ಎಲ್ಲವೂ ಅಪ್ಪನ ಕೋಣೆಯಲ್ಲಿ ಇದ್ದ ಹಾಗೇ ಇತ್ತು.

ಟಕ್. ಸ್ವಲ್ಪ ಬಿಟ್ಟು, ಮತ್ತೆ ಟಕ್.

ಪ್ಲೈವುಡ್ಡು, ಎಂದು ತನಗೆ ತಾನೇ ಹೇಳಿಕೊಂಡ. ಹಲಗೆ ಟೊಳ್ಳೋ ಗಟ್ಟಿಯೋ ಎಂದು ಅಪ್ಪ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದದ್ದು ಹೀಗೇ. ಇವನಿಗೆ ಮರಗೆಲಸ ಕಲಿಸಿದವನೂ ಅವನೇ. ಬಡಗಿ ಉಸಿರು ಬಿಗಿಹಿಡಿದ. ಸದ್ದು ನಿಂತಿತು. ಉಸಿರು ಬಿಟ್ಟ ಕೂಡಲೇ ಶುರುವಾಯಿತು.

ಆಗ ಕೆಳಗೆ ನೋಡಿದ. ಕದದ ಮೇಲೆ ತಟ್ಟುತ್ತಿದ್ದದ್ದು ಅವನದೇ ಬಲಗೈ. ಕುರ್ಚಿಯಿಂದ ಯಾವಾಗ ಎದ್ದು ಬಂದಿದ್ದನೋ ತಿಳಿಯಲಿಲ್ಲ.

ತೆಗೆಯಿರಿ ಎಂದು ಕೂಗಿದ. ಎರಡೂ ಕೈಯಿಂದ ಬಡಿದ. ಹೊರಗೆ ನಗು ಕೇಳಿಸಿತು. ಇವನಿಗೇ ಪಾತ್ರ ಕೊಡಬಹುದಿತ್ತು ಎಂದು ಯಾರೋ ಅಂದರು.

ಕದ ತೆರೆದಾಗ ಅವನು ಯಾರ ಮುಖವನ್ನೂ ನೋಡದೆ ಚೀಲ ಎತ್ತಿಕೊಂಡು ಹೊರಟ. ಹೀಗೆ ಹೋದರೆ ನಾಳೆ ಬರುವುದೇ ಬೇಡ ಎಂದು ನಿರ್ದೇಶಕ ಹಿಂದಿನಿಂದ ಕೂಗಿದ್ದು ಕಿವಿಗೆ ಬಿತ್ತು. ನಿಲ್ಲಲಿಲ್ಲ.

ಮನೆ ನಿಶ್ಶಬ್ದವಾಗಿತ್ತು. ಕೂಗಿದ. ಅಪ್ಪನ ಕೋಣೆಯತ್ತ ಓಡಿದ. ಚಿಲಕ ಸರಿಸುವಾಗ ಬೆವರಿಗೆ ಬೆರಳು ಜಾರಿತು.

ಅಪ್ಪ ಕದದ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ. ಊಟ ಹಾಗೇ ಇತ್ತು. ಬಲಗೈಯ ಗೆಣ್ಣುಗಳು ತರಚಿ ಕೆಂಪಾಗಿದ್ದವು.

“ನೀನೇನಾ?” ಎಂದ ಅಪ್ಪ. “ಆಗಿಂದ ಬಡೀತಾನೇ ಇದ್ದೀಯಲ್ಲ, ನಂಗೆ ಕೇಳಿಸ್ತು. ಇಲ್ಲೇ ಇದೀನಿ ಅಂತ ನಾನೂ ಬಡಿದೆ. ತೆಗೆಯೋಣ ಅಂದ್ರೆ ಚಿಲಕಾನೇ ಸಿಗ್ಲಿಲ್ಲ ಮಗಾ. ತುಂಬಾ ಹೆದರಿಬಿಟ್ಯಾ?”

ಬಡಗಿ ಹೂಂ ಎಂದ.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಕದದ ಮುಂದೆ ಮಂಡಿಯೂರಿದ. ಚಿಲಕ ತೆಗೆದ ಮೇಲೆ ಅಪ್ಪನನ್ನು ಕಾಯುವವರು ಯಾರು, ನಾಳೆ ಕೆಲಸಕ್ಕೆ ಏನು ಮಾಡುವುದು, ಒಂದೂ ಗೊತ್ತಿರಲಿಲ್ಲ. ಮೊದಲ ಸ್ಕ್ರೂ ಸಡಿಲವಾಗುತ್ತಿದ್ದಂತೆ ಅಪ್ಪ ಹಳೆಯ ಅಭ್ಯಾಸದಿಂದ, ಅದು ಉರುಳಿ ಕಳೆದುಹೋಗದ ಹಾಗೆ, ಅಂಗೈ ಚಾಚಿದ.