ಗಡ್ಡದಡಿಯ ಬಿಳುಪು

ಕ್ಷೌರದಂಗಡಿ ಇಟ್ಟವನಿಗೆ ಶತ್ರುಗಳಿರಬಾರದು. ಇದ್ದರೂ ಅವರಿಗೂ ಒಂದು ತಲೆ ಇರುತ್ತದೆ, ತಲೆಯ ಮೇಲೆ ಕೂದಲಿರುತ್ತದೆ, ಅದು ಬೆಳೆಯುತ್ತದೆ. ಈ ಒಂದೇ ವೇದಾಂತವನ್ನು ನೆಚ್ಚಿಕೊಂಡು ನಮ್ಮ ಕ್ಷೌರಿಕ ಪರದೇಶದಲ್ಲಿ ಅರ್ಧ ಆಯುಸ್ಸು ಕಳೆದಿದ್ದ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಮೂಲೆಯಲ್ಲಿ ಬಾಯಿ ಮುಚ್ಚಿಸಿಟ್ಟ ಟಿವಿ. ಹುಟ್ಟಿದ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಕನ್ನಡಿಯ ಮೇಲೊಂದು ಚೀಟಿ ಅಂಟಿಸಿದ್ದ: 'ಇಲ್ಲಿ ಯುದ್ಧದ ಮಾತು ಬೇಡ.' ಎರಡು ಭಾಷೆಯಲ್ಲೂ ಬರೆದಿದ್ದ. ಎರಡು ಭಾಷೆಯವರೂ ಅದನ್ನು ಓದಿ, ಭೇಷ್ ಎಂದು ತಲೆಯಾಡಿಸಿ, ಕುರ್ಚಿಯಲ್ಲಿ ಕೂತ ಕೂಡಲೇ ಯುದ್ಧದ ಮಾತು ತೆಗೆಯುತ್ತಿದ್ದರು.

ಈ ದೇಶದ ವಿಮಾನಗಳು ಆ ದೇಶದ ಮೇಲೆ ಬಾಂಬು ಹಾಕುತ್ತಿದ್ದವು. ಅವನ ಜೇಬಿನಲ್ಲಿದ್ದುದು ಈ ದೇಶದ ಗುರುತಿನ ಚೀಟಿ, ನಿದ್ದೆಯಲ್ಲಿ ಬಡಬಡಿಸುತ್ತಿದ್ದುದು ಆ ದೇಶದ ಭಾಷೆ. ಯಾರ ಕಡೆ ನೀನು ಎಂದು ಯಾರಾದರೂ ಕೇಳಿದರೆ, 'ಕಿವಿಯ ಪಕ್ಕ ಸಣ್ಣಗೆ ಮಾಡಲಾ, ಹಾಗೇ ಬಿಡಲಾ?' ಎಂದು ಕೇಳಿ ಜಾರಿಕೊಳ್ಳುತ್ತಿದ್ದ. ಜಾರಿಕೊಂಡು ಜಾರಿಕೊಂಡು ಅವನಿಗೆ ಸಾಕಾಗಿತ್ತು.

ಯುದ್ಧದ ಮೊದಲ ಚಳಿಗಾಲದಲ್ಲೇ ಅವನ ಅಣ್ಣ ಸತ್ತ. ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು ಆಸ್ಪತ್ರೆಯ ಜೊತೆಗೇ ನೆಲಸಮವಾದ. ಅತ್ತಿಗೆಯನ್ನೂ ಅವಳ ಒಬ್ಬನೇ ಮಗನನ್ನೂ ಕ್ಷೌರಿಕ ಮೊದಲೇ ಕರೆಸಿಕೊಂಡಿದ್ದ. 'ರೋಗಿಗಳನ್ನ ಬಿಟ್ಟು ಹೇಗೆ ಬರಲಿ, ನೀವು ನಡೀರಿ' ಎಂದು ಅಣ್ಣ ಉಳಿದಿದ್ದ. ಸುದ್ದಿ ಬಂದ ವಾರವೇ, ಪಕ್ಕದ ಬೀದಿಯ ಅಧಿಕಾರಿ ಎಂದಿನಂತೆ ಕ್ಷೌರಕ್ಕೆ ಬಂದ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಸರ್ಕಾರಿ ಮನುಷ್ಯ, ಒಳ್ಳೆಯವನೇ. ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ. ಆ ಕತ್ತಿನ ಮೇಲೆ ಬ್ಲೇಡು ಆಡಿಸುವಾಗ ಕ್ಷೌರಿಕನ ಕೈ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಅಣ್ಣನ ಮಗನಿಗೆ ಮಾತ್ರ ಮೈಯೆಲ್ಲ ನಡುಕ ಹತ್ತಿತು. ಹುಡುಗ ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸದಲ್ಲಿದ್ದ. ದಿನಸಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಒಬ್ಬರು ಪ್ರವಚನ ಮಾಡುತ್ತಿದ್ದರು. ಬೀದಿಯ ಜನ ಅವರಿಗೆ ಕಂಚಿನ ಕಂಠ ಎಂದೇ ಹೆಸರಿಟ್ಟಿದ್ದರು. ಧರ್ಮ ಕರೆಯುತ್ತಿದೆ, ಹೋಗಿ ಹೋರಾಡಿ, ಸತ್ತರೆ ಸ್ವರ್ಗ ಎನ್ನುವವರು. ಅವರ ಸ್ವಂತ ಗಂಡುಮಕ್ಕಳಿಬ್ಬರೂ ದಂತವೈದ್ಯಕೀಯ ಓದುತ್ತಿದ್ದರು. ಧರ್ಮಕ್ಕೆ ಅವರ ವಿಳಾಸ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಆ ಗಾಳಕ್ಕೆ ಅಪ್ಪ ಸತ್ತ ಹುಡುಗ ಬೇಗ ಬಿದ್ದ. ಗಡ್ಡ ಬಿಟ್ಟ, ಅಮ್ಮನೊಡನೆ ಮಾತು ಕಡಿಮೆ ಮಾಡಿದ.

ಈ ನಡುವೆ ಕ್ಷೌರಿಕ ಒಂದು ಎಡವಟ್ಟು ಮಾಡಿಕೊಂಡ. ಕಂಚಿನ ಕಂಠದ ಶಿಷ್ಯನೊಬ್ಬ ಬಂದು, ಎದೆಮಟ್ಟ ಬಿಟ್ಟಿದ್ದ ಗಡ್ಡವನ್ನು ನುಣ್ಣಗೆ ತೆಗೆಸಿಕೊಂಡ. 'ಇಂಟರ್ವ್ಯೂ ಇದೆ' ಎಂದು ಹೇಳಿ ಹೋದ. ಪಕ್ಕದ ಕುರ್ಚಿಯಲ್ಲಿ ಸರದಿಗೆ ಕಾದಿದ್ದ ಅಧಿಕಾರಿ ಬೆರಗಾಗಿ ನೋಡಿದ.

"ಅರೆ, ಗುರುತೇ ಸಿಗಲ್ವಲ್ಲ ಇವನದು!"

ಕೈಗುಣದ ಹೆಮ್ಮೆ ಎಂಬುದೊಂದು ಇರುತ್ತದಲ್ಲ, ಅದು ಬಾಯಿ ಬಿಟ್ಟಿತು.

"ಸಿಗದೆ ಏನು ಸಾರ್? ಗಡ್ಡದ ಕೆಳಗೆ ಬಿಸಿಲು ಬಿದ್ದಿರಲ್ಲ. ಹಣೆ ಒಂದು ಬಣ್ಣ, ದವಡೆ ಒಂದು ಬಣ್ಣ. ಹೊಸದಾಗಿ ಬೋಳಿಸಿದ ಮುಖಾನ ನಾನು ರಸ್ತೆ ಆ ಕಡೆಯಿಂದಲೇ ಹೇಳ್ತೀನಿ."

ಅಧಿಕಾರಿ ಎದ್ದು ಖಾಲಿಯಾದ ಕುರ್ಚಿಗೆ ಬಂದು ಕೂತ. ಕೆಲವೇ ದಿನಗಳಲ್ಲಿ ಆ ಶಿಷ್ಯ ಯುದ್ಧಕ್ಕೆ ಹೊರಟವನು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಅವನ ಹಿಂದೆ ಇನ್ನೊಬ್ಬ. ಮುಂದಿನ ಸಲ ಬಂದಾಗ ಅಧಿಕಾರಿ ಕ್ಷೌರಿಕನ ಭುಜ ತಟ್ಟಿ, 'ನಿಮ್ಮ ಮಾತು ಉಪಯೋಗಕ್ಕೆ ಬಂತು' ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೀದಿಯಲ್ಲಿ 'ಯಾರೋ ನಮ್ಮವರೇ ಹೇಳಿಕೊಟ್ಟಿದ್ದಾರೆ' ಎಂಬ ಗುಸುಗುಸು ಎದ್ದಿತು. ಕ್ಷೌರಿಕ ಅದನ್ನು ದಿನವೂ ಕೇಳುತ್ತ, ಹೂಂಗುಟ್ಟುತ್ತ, ಬೇರೆಯವರ ತಲೆ ಬಾಚುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಅಣ್ಣನ ಮಗ ಬಂದು ಕುರ್ಚಿಯಲ್ಲಿ ಕೂತ.

"ಪೂರ್ತಿ ತೆಗೆದುಬಿಡು ಚಿಕ್ಕಪ್ಪ."

"ಏನಪ್ಪಾ, ಯಾವ ಹುಡುಗಿ ಗಡ್ಡ ಚುಚ್ಚುತ್ತೆ ಅಂದಳು?"

ಹುಡುಗ ನಗಲಿಲ್ಲ. "ನಾಳೆ ಬೇರೆ ಊರಲ್ಲಿ ಇಂಟರ್ವ್ಯೂ ಇದೆ."

ಆ ಶಿಷ್ಯನೂ ಇದೇ ಮಾತು ಹೇಳಿದ್ದ. ಕ್ಷೌರಿಕ ಬಟ್ಟೆ ಹೊದಿಸಿ, ಕುತ್ತಿಗೆಯ ಹಿಂದೆ ಗಂಟು ಹಾಕಿದ. ಆ ಗಂಟು ಹಾಕುವಷ್ಟರಲ್ಲಿ ಅವನ ತಲೆಯಲ್ಲಿ ಎಲ್ಲ ದಾರಿಗಳೂ ಒಂದು ಸುತ್ತು ಬಂದವು. ಮಾಡಲ್ಲ ಎಂದರೆ ಇದೇ ಬೀದಿಯಲ್ಲಿ ಇನ್ನೂ ಅಂಗಡಿಗಳಿವೆ. ಅಧಿಕಾರಿಗೆ ಫೋನು ಮಾಡಿದರೆ ಅತ್ತಿಗೆಯ ಮನೆ ಬಾಗಿಲು ಒಡೆದು ನುಗ್ಗುತ್ತಾರೆ. ಸುಮ್ಮನಿದ್ದರೆ ಹುಡುಗ ಹೋಗಿ ಸಾಯುತ್ತಾನೆ. ಅತ್ತ ದರಿ, ಇತ್ತ ಪುಲಿ. ಸದ್ಯಕ್ಕೆ ಅವನು ಬ್ರಷ್ಷನ್ನು ಬಿಸಿನೀರಿಗೆ ಅದ್ದಿದ.

"ನಿನ್ನಪ್ಪ ಬಂದೂಕು ಮುಟ್ಟಿದವನಲ್ಲ ಕಣೋ. ಔಷಧಿ ಕೊಟ್ಕೊಂಡಿದ್ದವನು."

"ಅದಕ್ಕೇ ಸತ್ತ."

"ಅಮ್ಮನ ಗತಿ?"

"ನೀನಿದ್ದೀಯಲ್ಲ." ಹುಡುಗ ಕನ್ನಡಿಯೊಳಗಿಂದ ಅವನನ್ನೇ ದಿಟ್ಟಿಸಿದ. ಇಂಟರ್ವ್ಯೂ ಎಂಬ ನಾಟಕ ಇಬ್ಬರ ನಡುವೆ ಅಲ್ಲಿಗೇ ಮುಗಿಯಿತು. "ಅಪ್ಪನ್ನ ಕೊಂದವರ ಕತ್ತು ದಿನಾ ನಿನ್ನ ಕೈಯಲ್ಲಿರುತ್ತೆ. ನೀನೇನು ಮಾಡಿದೆ?"

"ಕ್ಷೌರ ಮಾಡಿದೆ."

"ಅಷ್ಟೇ ನಿನ್ನ ಕೈಲಾಗೋದು."

"ಹೌದಪ್ಪಾ, ಅಷ್ಟೇ. ಹೋಗಬೇಡ ಅಂತ ಕಾಲು ಹಿಡಿದ್ರೆ ಕೇಳ್ತೀಯಾ? ಹಿಡೀತೀನಿ."

"ಹೊತ್ತಾಗ್ತಿದೆ ಚಿಕ್ಕಪ್ಪ. ನೀನು ಮಾಡಲ್ಲ ಅಂದ್ರೆ ಬೇರೆ ಕಡೆ ಹೋಗ್ತೀನಿ."

ಕ್ಷೌರಿಕ ಕೆಲಸಕ್ಕಿಳಿದ. ಮೊದಲು ಟ್ರಿಮ್ಮರ್, ಆಮೇಲೆ ನೊರೆ, ಬ್ಲೇಡು. ಎಷ್ಟು ನಿಧಾನ ಮಾಡಿದರೂ ಗಡ್ಡ ಒಂದಲ್ಲ ಒಂದು ಕಡೆ ಮುಗಿಯಲೇಬೇಕು. ನೊರೆಯ ಕೆಳಗಿಂದ ಅಣ್ಣನ ಗಲ್ಲ ಮೇಲೆದ್ದು ಬಂತು, ನಡುವೆ ಅದೇ ಸಣ್ಣ ಕುಳಿ. ಮತ್ತು ಹಣೆ, ಮೂಗು, ಕೆನ್ನೆಯ ಮೇಲ್ಭಾಗ ಸ್ಕೂಟರಿನ ಬಿಸಿಲಿಗೆ ಸುಟ್ಟು ಕಂದಾಗಿದ್ದರೆ, ದವಡೆಯಿಡೀ ಹಾಲಿನಂತೆ ಬೆಳ್ಳಗಿತ್ತು.

ಮೇಜಿನ ಡ್ರಾಯರಿನಲ್ಲಿ ಮೈಬಣ್ಣದ ಕ್ರೀಮಿನ ಟ್ಯೂಬಿತ್ತು. ಫೋಟೋಕ್ಕೆ ಹೊರಟ ಮದುಮಕ್ಕಳಿಗೆ ಹಚ್ಚುತ್ತಿದ್ದುದು. ಬಟಾಣಿ ಕಾಳಿನಷ್ಟು ತೆಗೆದು ತಿಕ್ಕಿದರೆ ಸಾಕು, ಎರಡು ಬಣ್ಣ ಒಂದಾಗುತ್ತಿತ್ತು. ಕ್ಷೌರಿಕನ ಕೈ ಡ್ರಾಯರಿನವರೆಗೂ ಹೋಯಿತು, ಅಲ್ಲಿಂದ ಪಟಿಕದ ಕಲ್ಲನ್ನಷ್ಟೇ ತೆಗೆದುಕೊಂಡು ವಾಪಸು ಬಂತು.

ಹುಡುಗ ಕನ್ನಡಿಗೆ ಬಗ್ಗಿ, ದವಡೆ ಸವರಿಕೊಂಡ.

"ಇಲ್ಲೆಲ್ಲಾ ಬೆಳ್ಳಗೆ ಕಾಣ್ತಿದೆಯಲ್ಲ ಚಿಕ್ಕಪ್ಪ?"

"ಹೊಸದರಲ್ಲಿ ಹಾಗೇ. ಗಾಳಿ ತಾಗಿದ್ರೆ ಸರಿಹೋಗುತ್ತೆ."

ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವನಿಗೇ ಹೆದರಿಕೆಯಾಯಿತು. ಗೋರಿಗಿಂತ ಜೈಲು ವಾಸಿ ಎಂದು ಒಳಗೊಳಗೇ ಹೇಳಿಕೊಂಡ. ಹುಡುಗ ಬಾಗಿಲ ಬಳಿ ನಿಂತು, "ಅಮ್ಮನ್ನ ನೋಡ್ಕೋ" ಎಂದ. ಕ್ಷೌರಿಕ ತಲೆಯಾಡಿಸಿದ. ಸಂಜೆಯವರೆಗೂ ಕುರ್ಚಿಯ ಕೆಳಗಿನ ಕೂದಲನ್ನು ಗುಡಿಸಲು ಅವನಿಗೆ ಕೈ ಬರಲಿಲ್ಲ. ಬಂದ ಗಿರಾಕಿಗಳನ್ನೆಲ್ಲ ಇನ್ನೊಂದು ಕುರ್ಚಿಯಲ್ಲೇ ಕೂರಿಸಿದ.

ಮರುದಿನ ಇಳಿಹೊತ್ತಿಗೆ ಅತ್ತಿಗೆ ಬಂದಳು. ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಬಂದಿದ್ದಳು, ಕಾಲಲ್ಲಿ ಮಗನ ಚಪ್ಪಲಿ.

"ಹಿಡಿದ್ರಂತೆ ಕಣೋ. ವಿಮಾನ ಹತ್ತೋ ಮುಂಚೆ."

ಬದುಕಿದೆಯಾ ಬಡಜೀವವೇ ಎಂದುಕೊಂಡು ಕ್ಷೌರಿಕ ಗೋಡೆಗೆ ಒರಗಿದ. ಅವಳು ಕುಸಿದು ಕೂತದ್ದು ಅದೇ ಕುರ್ಚಿಯಲ್ಲಿ.

"ಬೇರೆ ಅಂಗಡಿಗೆ ಹೊರಟಿದ್ದ. 'ಚಿಕ್ಕಪ್ಪನ ಕೈಯಲ್ಲೇ ಮಾಡಿಸ್ಕೋ' ಅಂತ ನಾನೇ ಕಳಿಸಿದ್ದು. ಗಡ್ಡ ತೆಗೀತೀನಿ ಅಂದಾಗಲೇ ನನಗೆ ಗೊತ್ತಾಯ್ತು. ನನ್ನ ಮಾತು ಕೇಳಲ್ಲ, ನೀನಾದ್ರೂ ಬೈದು, ಹೊಡೆದು, ಕಟ್ಟಿಹಾಕಿ ಕೂರಿಸ್ತೀಯ ಅಂತ ಕಳಿಸಿದ್ದು. ನುಣ್ಣಗೆ ಬೋಳಿಸಿ ಬೀಳ್ಕೊಟ್ಟೆಯಲ್ಲೋ! ನಿನ್ನಣ್ಣ ಇದ್ದಿದ್ರೆ ಹೀಗೆ ಮಾಡ್ತಿದ್ದನಾ?"

"ಅತ್ತಿಗೆ..."

"ಮಾತಾಡಬೇಡ. ಅವನನ್ನ ಹಿಡಿದುಕೊಟ್ಟವನ ಮನೆ ಹಾಳಾಗ!" ಎಂದವಳು ಅಲ್ಲೇ ತಡೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಇಲ್ಲ, ಇಲ್ಲ. ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ. ನೀನು ಕಳಿಸಿದೆ, ಅವನು ಉಳಿಸಿದ."

ಕ್ಷೌರಿಕ ಲೋಟಕ್ಕೆ ನೀರು ಬಗ್ಗಿಸಿದ. ನಾನು ಕಳಿಸಲಿಲ್ಲ ಎನ್ನಬೇಕಾದರೆ, ನಾನೇ ಹಿಡಿಸಿದೆ ಎನ್ನಬೇಕು. ಒಂದು ಕೊಳೆ ತೊಳೆದುಕೊಳ್ಳಲು ಇನ್ನೊಂದನ್ನು ತಲೆಗೆ ಸುರಿದುಕೊಂಡಂತೆ. 'ಹೊಟ್ಟೆ ತಣ್ಣಗಿರಲಿ' ಎಂಬ ಅವಳ ಹರಕೆ ತನಗೇ ಬಂದದ್ದು, ಆದರೆ ಅದನ್ನು ಕೈಚಾಚಿ ತೆಗೆದುಕೊಳ್ಳುವಂತಿರಲಿಲ್ಲ. ಅವಳಿಗೆ ನೀರು ಕೊಟ್ಟ. ಅವಳು ಕುಡಿಯಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಅವಳನ್ನು ಜೈಲಿಗೆ ಕರೆದೊಯ್ಯುವ ಕೆಲಸ ಅವನದಾಯಿತು. ಅವಳು ಒಳಗೆ ಹೋಗಿ ಬರುವಳು, ಇವನು ಹೊರಗಿನ ಬೆಂಚಿನಲ್ಲಿ ಕಾಯುವನು. ದಾರಿಯುದ್ದಕ್ಕೂ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಂಗಡಿಯಲ್ಲಿ ಕಂಚಿನ ಕಂಠದವರ ಕಡೆಯವರು ಬರುವುದು ನಿಲ್ಲಿಸಿದರು. ಅಧಿಕಾರಿ ಬರುತ್ತಲೇ ಇದ್ದ, ಕ್ಷೌರಿಕ ಅವನ ಕೂದಲು ಕತ್ತರಿಸುತ್ತಲೇ ಇದ್ದ. ಹೊಟ್ಟೆಪಾಡು.

ವರ್ಷ ತುಂಬುವ ಹೊತ್ತಿಗೆ ಒಂದು ದಿನ ಅತ್ತಿಗೆ ಬೇಗ ಹೊರಬಂದಳು.

"ನಿನ್ನನ್ನ ಕರೀತಿದ್ದಾನೆ, ಹೋಗು."

ಗಾಜಿನ ಆಚೆ ಹುಡುಗ ಕೂತಿದ್ದ. ಜೈಲಿನವರೇ ಬೋಳಿಸುತ್ತಿದ್ದರೇನೋ, ಗಲ್ಲದ ಕುಳಿಯ ಬಳಿ ಬ್ಲೇಡು ತಾಗಿದ ಗೀರಿತ್ತು. ಇಬ್ಬರೂ ಫೋನು ಎತ್ತಿಕೊಂಡರು.

"ಅವತ್ತು ಆ ಅಧಿಕಾರಿ ನನ್ನ ಪಾಸ್‌ಪೋರ್ಟೇ ತೆರೀಲಿಲ್ಲ ಚಿಕ್ಕಪ್ಪ. ದವಡೆ ನೋಡ್ದ, ಪಕ್ಕಕ್ಕೆ ನಿಲ್ಲಿಸಿದ." ಹುಡುಗ ಕೆನ್ನೆ ಸವರಿಕೊಂಡ. "ನಾನು ನಿನ್ನನ್ನ ಕೇಳಿದ್ದೆ."

"ಕೇಳಿದ್ದೆ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಹುಡುಗ ಗಾಜಿಗೆ ಹತ್ತಿರ ಬಂದು, ಬೆಳಕಿಗೆ ಮುಖ ಆ ಕಡೆ ಈ ಕಡೆ ತಿರುಗಿಸಿದ. ಕುರ್ಚಿಯಲ್ಲಿ ಕೂತ ಗಿರಾಕಿ ಕೊನೆಗೊಮ್ಮೆ ನೋಡಿಕೊಳ್ಳುತ್ತಾನಲ್ಲ, ಹಾಗೆ.

"ಈಗ ಒಂದೇ ಬಣ್ಣ ಆಗಿದೆಯಾ?"

ಕ್ಷೌರಿಕ ನೋಡಿದ. ಹಣೆ, ಮೂಗು, ಕೆನ್ನೆ, ದವಡೆ ಎಲ್ಲವೂ ಒಂದೇ ಬಿಳುಪು. ಎಲ್ಲಿ ಗಡ್ಡವಿತ್ತು, ಎಲ್ಲಿ ಬಿಸಿಲಿತ್ತು ಎಂದು ಅವನ ಕಣ್ಣಿಗೂ ತಿಳಿಯುವಂತಿರಲಿಲ್ಲ.

"ಆಗಿದೆ."

"ಅಮ್ಮನಿಗೆ ಹೇಳಿಲ್ಲ" ಎಂದು ಹುಡುಗ ಫೋನು ಕೆಳಗಿಟ್ಟ.

ಅದು ಕರುಣೆಯೋ ಶಿಕ್ಷೆಯೋ ಕೇಳಲು ಹೊತ್ತಿರಲಿಲ್ಲ. ಹೊರಗೆ ಅತ್ತಿಗೆ ಬೆಂಚಿನಿಂದ ಎದ್ದು ನಿಂತಿದ್ದಳು. ವರ್ಷದಲ್ಲಿ ಮೊದಲ ಸಲ ತಾನಾಗಿ ಅವನನ್ನು ಕೇಳಿದಳು.

"ನಿನ್ನ ಕಣ್ಣಿಗೆ ಹೇಗೆ ಕಾಣ್ತಾನೋ?"

"ಚೆನ್ನಾಗಿದ್ದಾನೆ ಅತ್ತಿಗೆ," ಎಂದ. "ಬಿಸಿಲೊಂದು ಇಲ್ಲ, ಅಷ್ಟೆ."